ಸುಮರಣಕ್ಕೆ ಬದುಕೇ ಸಿದ್ಧತೆ: ಸಂತ ಜೋಸೆಫ್ ವಾಜ್

ಸಾವಿನ ಮಾತು ಬಂದರೆ ನಾವು ವಿಷಯ ಬದಲಿಸುತ್ತೇವೆ. ಮನೆಯಲ್ಲಿ ಯಾರಾದರೂ ಹಾಸಿಗೆ ಹಿಡಿದಿದ್ದರೆ, ಗುರುಗಳನ್ನು ಕಂಡು ಅವರು ಹೆದರಿಯಾರು ಎಂದು ತಡಮಾಡುತ್ತೇವೆ. ಗುರುಗಳು ಬರುವಷ್ಟರಲ್ಲಿ ಎಷ್ಟೋ ಸಲ ರೋಗಿಗೆ ಪ್ರಜ್ಞೆ ಇರುವುದಿಲ್ಲ. ಒಳ್ಳೆಯ ಮರಣಕ್ಕೆ ಯಾವಾಗ ಸಿದ್ಧರಾಗಬೇಕು ಎಂಬುದನ್ನು ನಮ್ಮ ಕರಾವಳಿಯಲ್ಲೇ ನಡೆದಾಡಿದ ಸಂತ ಜೋಸೆಫ್ ವಾಜರ ಬದುಕು ತಿಳಿಸುತ್ತದೆ.

ಗೋವಾದ ಬೆನಾವ್ಲಿಯಲ್ಲಿ 1651ರ ಏಪ್ರಿಲ್ 21ರಂದು ಜನಿಸಿದ ಅವರು 1676ರಲ್ಲಿ ಗುರುದೀಕ್ಷೆ ಪಡೆದರು. 1681ರಿಂದ 1684ರವರೆಗೆ ಕೆನರಾದಲ್ಲಿ ಗುರುಗಳಿಲ್ಲದೆ ಚದುರಿದ್ದ ಕ್ರೈಸ್ತರನ್ನು ಹುಡುಕಿ ಸೇವೆ ಸಲ್ಲಿಸಿದರು. ಮುಡಿಪುವಿನ ಪುಣ್ಯಕ್ಷೇತ್ರ ಇಂದಿಗೂ ಆ ನೆನಪನ್ನು ಉಳಿಸಿಕೊಂಡಿದೆ.

ಡಚ್ಚರ ಹಿಂಸೆಯಿಂದ ಶ್ರೀಲಂಕಾದ ಕಥೋಲಿಕರು ಗುರುಗಳಿಲ್ಲದೆ ಬಳಲುತ್ತಿದ್ದ ಸುದ್ದಿ ತಿಳಿದು, 1687ರಲ್ಲಿ ವೇಷ ಮರೆಸಿಕೊಂಡು ಜಾಫ್ನಾ ತಲುಪಿದರು. ಅಲ್ಲಿ ಭೇದಿಯಿಂದ ನರಳಿ ಸಾವಿನ ಬಾಗಿಲಿಗೆ ಹೋಗಿ ಬಂದರು. 1692ರಲ್ಲಿ ಕ್ಯಾಂಡಿಯಲ್ಲಿ ಗೂಢಚಾರನೆಂಬ ಸಂಶಯದಿಂದ ಅವರನ್ನು ಸೆರೆಯಲ್ಲಿಡಲಾಯಿತು. ಬಿಡುಗಡೆಯಾದ ಮೇಲೂ ಅವರು ಆ ನಾಡನ್ನು ಬಿಡಲಿಲ್ಲ.

1697ರಲ್ಲಿ ಕ್ಯಾಂಡಿಯಲ್ಲಿ ಸಿಡುಬು ಹರಡಿತು. ಸೋಂಕಿನ ಭಯದಿಂದ ರೋಗಿಗಳನ್ನು ಕೈಬಿಟ್ಟು ಜನ ಓಡಿದರು. ಫಾದರ್ ವಾಜ್ ಮತ್ತು ಅವರ ಸೋದರಳಿಯ ಫಾದರ್ ಜೋಸೆಫ್ ಕಾರ್ವಾಲೊ ಮಾತ್ರ ಜಾತಿಮತ ನೋಡದೆ ರೋಗಿಗಳಿಗೆ ಉಣಿಸಿದರು, ಹುಣ್ಣು ತೊಳೆದರು, ಕ್ರೈಸ್ತರಿಗೆ ಸಂಸ್ಕಾರಗಳನ್ನು ನೀಡಿದರು, ಸತ್ತವರನ್ನು ಮಣ್ಣುಮಾಡಿದರು. ಸಾಯುವವರ ಪಕ್ಕದಲ್ಲಿ ಕುಳಿತವರಿಗೆ ತಮ್ಮ ಸಾವು ಅಪರಿಚಿತವಾಗಿ ಉಳಿಯಲಿಲ್ಲ.

1711ರ ಜನವರಿ 16ರಂದು ಕ್ಯಾಂಡಿಯಲ್ಲೇ ಅವರು ಪ್ರಭುವಿನಲ್ಲಿ ಒರಗಿದರು. ಜೀವನವಿಡೀ ಅಲಕ್ಷಿಸಿದ್ದನ್ನು ಮರಣದ ಗಳಿಗೆಯಲ್ಲಿ ಮಾಡುವುದು ಸುಲಭವಲ್ಲ ಎಂಬುದೇ ಅವರು ಸಂಗಡಿಗರಿಗೆ ಬಿಟ್ಟುಹೋದ ಬುದ್ಧಿವಾದ. 2015ರ ಜನವರಿ 14ರಂದು ಕೊಲಂಬೊದಲ್ಲಿ ಪೋಪ್ ಫ್ರಾನ್ಸಿಸ್ ಅವರನ್ನು ಸಂತರೆಂದು ಘೋಷಿಸಿದರು.

ಆ ಬುದ್ಧಿವಾದ ನಮಗೂ ಅನ್ವಯಿಸುತ್ತದೆ. ಆಸ್ತಿಯ ಪಾಲಿಗಾಗಿ ಮಾತು ಬಿಟ್ಟ ಅಣ್ಣತಮ್ಮಂದಿರು ಶವಪೆಟ್ಟಿಗೆಯ ಮುಂದೆ ಅತ್ತರೆ, ಮಲಗಿದವರಿಗೆ ಅದು ಕೇಳಿಸದು. ಕ್ಷಮೆ ಕೇಳುವುದಿದ್ದರೆ ಇಂದೇ ಕೇಳೋಣ. ಪಾಪನಿವೇದನೆಯನ್ನು ಮುಂದೂಡದಿರೋಣ. ರೋಗಿಗಳ ಅಭ್ಯಂಗ ಕೊನೆಯುಸಿರಿಗಷ್ಟೇ ಮೀಸಲಾದ ಸಂಸ್ಕಾರವಲ್ಲ. ರೋಗಿ ತಾನೇ ಪ್ರಾರ್ಥಿಸಬಲ್ಲ ಹೊತ್ತಿಗೆ ಗುರುಗಳನ್ನು ಕರೆಯೋಣ. ಕ್ರಿಸ್ತರು ಪುನರುತ್ಥಾನರಾಗಿದ್ದಾರೆಂದು ನಂಬುವ ನಮಗೆ ಸಾವು ತಂದೆಯ ಮನೆಯ ಬಾಗಿಲು. ಸಂತ ಜೋಸೆಫ್ ವಾಜ್, ನಮಗಾಗಿ ಪ್ರಾರ್ಥಿಸಿರಿ.