ಕುರಿ ಫಾರ್ಮಿನಿಂದ ಶುರುವಾದ ಚಿಕಿತ್ಸೆ: ಜಾರ್ಜ್ ಬೀಟ್ಸನ್

ನಮ್ಮ ದೊಡ್ಡಮ್ಮ ದಿನಾ ರಾತ್ರಿ ಊಟ ಆದಮೇಲೆ ಟಾಮಾಕ್ಸಿಫೆನ್ ಅನ್ನೋ ಸಣ್ಣ ಮಾತ್ರೆ ತಗೋತಾರೆ. ಎರಡು ವರ್ಷದ ಹಿಂದೆ ಅವರಿಗೆ ಸ್ತನ ಕ್ಯಾನ್ಸರ್ ಆಗಿ ಆಪರೇಷನ್ ಆಯ್ತು. ಮಾತ್ರೆ ಒಟ್ಟು ಐದು ವರ್ಷ ತಗೋಬೇಕಂತೆ. ಅಷ್ಟು ದೊಡ್ಡ ಕಾಯಿಲೆಗೆ ಇಷ್ಟು ಚಿಕ್ಕ ಮಾತ್ರೆ ಏನು ಮಾಡುತ್ತೆ ಅಂತ ಹುಡುಕುತ್ತಾ ಹೋದಾಗ ನನಗೆ ಸಿಕ್ಕಿದ್ದು ಜಾರ್ಜ್ ಥಾಮಸ್ ಬೀಟ್ಸನ್.

ಬೀಟ್ಸನ್ ಹುಟ್ಟಿದ್ದು 1848ರಲ್ಲಿ, ಶ್ರೀಲಂಕಾದ ಟ್ರಿಂಕೋಮಲಿಯಲ್ಲಿ. ಓದಿದ್ದು ಕೇಂಬ್ರಿಡ್ಜ್ ಮತ್ತು ಎಡಿನ್‌ಬರಾದಲ್ಲಿ. ಪ್ರಸಿದ್ಧ ಸರ್ಜನ್ ಜೋಸೆಫ್ ಲಿಸ್ಟರ್ ಕೈಕೆಳಗೆ ಕೆಲಸ ಕಲಿತರು. 1876ರಲ್ಲಿ ಒಬ್ಬ ರೋಗಿಯನ್ನು ನೋಡಿಕೊಳ್ಳೋಕೆ ಸ್ಕಾಟ್ಲೆಂಡಿನ ಪಶ್ಚಿಮ ಕರಾವಳಿಗೆ ಹೋದರು. ಪಕ್ಕದಲ್ಲೇ ಕುರಿ ಫಾರ್ಮ್. ಮರಿಗಳಿಗೆ ಹಾಲು ಬಿಡಿಸೋದನ್ನು ನೋಡಿ, ಹಾಲು ಹೇಗೆ ಉತ್ಪತ್ತಿ ಆಗುತ್ತೆ ಅನ್ನೋದನ್ನೇ ತಮ್ಮ ಎಂ.ಡಿ. ಪ್ರಬಂಧದ ವಿಷಯ ಮಾಡಿಕೊಂಡರು. ಕೆಲವು ದೇಶಗಳಲ್ಲಿ ಹಸು ಕರು ಹಾಕಿದ ಮೇಲೆ ಅದರ ಅಂಡಾಶಯ ತೆಗೆದುಬಿಟ್ಟರೆ ಹಾಲು ನಿಲ್ಲೋದೇ ಇಲ್ಲ ಅನ್ನೋ ವಿಷಯ ಆಗ ಅವರಿಗೆ ಗೊತ್ತಾಯ್ತು.

ಇದು ಅವರ ತಲೆಯಲ್ಲಿ ಕೂತುಬಿಟ್ಟಿತು. ಅಂಡಾಶಯ ಎಲ್ಲಿ, ಸ್ತನ ಎಲ್ಲಿ? ಎರಡಕ್ಕೂ ನೇರವಾದ ನರದ ಸಂಪರ್ಕವೂ ಇಲ್ಲ. ಆದರೂ ಒಂದು ಇನ್ನೊಂದನ್ನು ಕಂಟ್ರೋಲ್ ಮಾಡ್ತಿದೆ. ಇನ್ನೊಂದು ಹೋಲಿಕೆಯೂ ಅವರಿಗೆ ಕಂಡಿತು. ಹಾಲು ಬರುವ ಸಮಯದಲ್ಲಿ ಸ್ತನದ ನಾಳಗಳ ಒಳಪದರದ ಜೀವಕೋಶಗಳು ವೇಗವಾಗಿ ಹೆಚ್ಚುತ್ತವೆ. ಕ್ಯಾನ್ಸರ್‌ನಲ್ಲೂ ಅದೇ ಕೋಶಗಳು ಹೆಚ್ಚುತ್ತವೆ, ಆದರೆ ಹಾಲೂ ಆಗಲ್ಲ, ನಿಲ್ಲೋದೂ ಇಲ್ಲ. ಹಾಗಾದರೆ ಅಂಡಾಶಯ ತೆಗೆದರೆ ಕ್ಯಾನ್ಸರ್ ಕೋಶಗಳು ಏನಾಗಬಹುದು? ಹಾರ್ಮೋನ್ ಅನ್ನೋ ಪದವೇ ಹುಟ್ಟಿರದ ಕಾಲ ಅದು.

1895ರಲ್ಲಿ 33 ವರ್ಷದ ಒಬ್ಬ ತಾಯಿ ಅವರ ಬಳಿ ಬಂದರು. ಸ್ತನ ತೆಗೆದಿದ್ದರೂ ಎದೆಯ ಮೇಲೆ ಕ್ಯಾನ್ಸರ್ ಮತ್ತೆ ಹರಡಿತ್ತು, ಮತ್ತೆ ಕೊಯ್ದು ತೆಗೆಯುವಂತಿರಲಿಲ್ಲ. ತಮ್ಮ ಯೋಚನೆ ಬರೀ ಪ್ರಯೋಗ ಅನ್ನೋದನ್ನು ಮುಚ್ಚಿಡದೆ ಆಕೆಗೂ ಗಂಡನಿಗೂ ವಿವರಿಸಿದರು. ಒಪ್ಪಿದರು. ಜೂನ್ 15ರಂದು ಆಪರೇಷನ್ ಆಯ್ತು. ಎಂಟು ತಿಂಗಳಲ್ಲಿ ಗಂಟುಗಳು ಕರಗಿ ಹೋದವು. 1896ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ವರದಿ ಬಂತು.

ಸಿನಿಮಾ ಆಗಿದ್ದರೆ ಇಲ್ಲಿಗೆ ಮುಗಿಯುತ್ತಿತ್ತು. ಆದರೆ ಕೆಲವು ವರ್ಷದಲ್ಲಿ ಕ್ಯಾನ್ಸರ್ ಮರಳಿ ಬಂದು ಆಕೆ ತೀರಿಕೊಂಡರು. ಬೇರೆ ಸರ್ಜನ್‌ಗಳು ಮಾಡಿ ನೋಡಿದಾಗ ಮೂವರಲ್ಲಿ ಸುಮಾರು ಒಬ್ಬರಿಗೆ ಮಾತ್ರ ಗುಣ ಕಂಡಿತು. ಯಾಕೆ ಅಂತ ಯಾರಿಗೂ ಗೊತ್ತಾಗಲಿಲ್ಲ. ಬೀಟ್ಸನ್ ಗ್ಲಾಸ್ಗೋ ಕ್ಯಾನ್ಸರ್ ಆಸ್ಪತ್ರೆಯಲ್ಲಿ ದುಡಿಯುತ್ತಲೇ ಹೋದರು, ಸರ್ ಪದವಿ ಪಡೆದರು, 1933ರಲ್ಲಿ ತೀರಿಕೊಂಡರು.

ಉತ್ತರ ಸಿಕ್ಕಿದ್ದು ಆಮೇಲೆ. ಅಂಡಾಶಯದಿಂದ ಬರುವ ಈಸ್ಟ್ರೋಜನ್ ಒಂದು ಸಿಗ್ನಲ್ ಇದ್ದ ಹಾಗೆ, ಅದನ್ನು ಹಿಡಿಯೋಕೆ ಕೋಶದೊಳಗೆ ರಿಸೆಪ್ಟರ್ ಬೇಕು. ರಿಸೆಪ್ಟರ್ ಇಲ್ಲದ ಕ್ಯಾನ್ಸರ್‌ಗೆ ಸಿಗ್ನಲ್ ಇದ್ದರೂ ಒಂದೇ, ಇಲ್ಲದಿದ್ದರೂ ಒಂದೇ. ಟಾಮಾಕ್ಸಿಫೆನ್ ಆ ರಿಸೆಪ್ಟರ್‌ನಲ್ಲಿ ತಾನೇ ಹೋಗಿ ಕೂರುತ್ತೆ, ಈಸ್ಟ್ರೋಜನ್‌ಗೆ ಜಾಗ ಕೊಡಲ್ಲ. ಬೀಟ್ಸನ್ ಚಾಕುವಿನಿಂದ ಮಾಡಿದ್ದನ್ನು ಈಗ ಮಾತ್ರೆ ಮಾಡ್ತಿದೆ.

ದೊಡ್ಡಮ್ಮನಿಗೆ ಇನ್ನೂ ಮೂರು ವರ್ಷ ಬಾಕಿ ಇದೆ. ರಾತ್ರಿ ಒಂಬತ್ತಕ್ಕೆ ಹಾಸ್ಟೆಲ್‌ನಿಂದ ಫೋನ್ ಮಾಡಿ ನೆನಪಿಸೋದು ನನ್ನ ಡ್ಯೂಟಿ.