ಬೆವರಿನ ಲೆಕ್ಕ ಓದಿದ ಬಾಬಾಸಾಹೇಬರು




*ಇಂದಿನ ಚಿಂತನೆ: ಸಾಲ, ದುಡಿಮೆ ಮತ್ತು ಓದು*

ನಮ್ಮೆಲ್ಲರ ಮನೆಯಲ್ಲೂ ಸಂವಿಧಾನ ಹಿಡಿದ ಬಾಬಾಸಾಹೇಬರ ಪಟವಿದೆ. ಆದರೆ ವಿದೇಶದಲ್ಲಿ ಅವರು ಮೊದಲು ಪದವಿ ಪಡೆದದ್ದು ಅರ್ಥಶಾಸ್ತ್ರದಲ್ಲಿ. ನಾನು ಕನ್ನಡ ಪಾಠ ಹೇಳುವ ಮೇಷ್ಟ್ರು. ಅವರ ಅರ್ಥಶಾಸ್ತ್ರದ ಬರಹಗಳನ್ನು ನಿಧಾನವಾಗಿ ಓದುತ್ತಾ ಹೋದಂತೆ ನನಗೆ ಅವುಗಳಲ್ಲೆಲ್ಲ ಒಂದೇ ಪ್ರಶ್ನೆ ಕಾಣಿಸಿತು: ದುಡಿದವರ ಬೆವರು ಕೊನೆಗೆ ಯಾರ ಖಾತೆಗೆ ಹೋಗುತ್ತದೆ?

ಭೀಮರಾಯರ ಓದು ಶುರುವಾದದ್ದೇ ಸಾಲದಿಂದ. ಮಗ ಕೇಳಿದ ಪುಸ್ತಕ ಕೊಳ್ಳಲು ಕೈಯಲ್ಲಿ ಹಣವಿಲ್ಲದಾಗ ತಂದೆ ರಾಮ್‌ಜಿ ಸಕ್ಪಾಲರು ಮದುವೆಯಾದ ಹೆಣ್ಣುಮಕ್ಕಳ ಮನೆಗೆ ಹೋಗುತ್ತಿದ್ದರು. ಅವರ ಒಡವೆ ತಂದು ಅಡವಿಟ್ಟು ಪುಸ್ತಕ ತರುತ್ತಿದ್ದರು. ಪಿಂಚಣಿ ಬಂದಾಗ ಬಿಡಿಸಿ ಕೊಡುತ್ತಿದ್ದರು. ಅಕ್ಕಂದಿರ ಒಡವೆ ಮೇಲೆ ನಿಂತ ಓದು ಅದು.

1913ರಲ್ಲಿ ಬರೋಡಾ ಮಹಾರಾಜರ ವಿದ್ಯಾರ್ಥಿವೇತನದಿಂದ ಅಮೆರಿಕದ ಕೊಲಂಬಿಯಾ ವಿಶ್ವವಿದ್ಯಾಲಯ ಸೇರಿದರು. ಅಲ್ಲಿ ಸೆಲಿಗ್‌ಮನ್ ಅವರ ಗುರು. 1915ರಲ್ಲಿ ಈಸ್ಟ್ ಇಂಡಿಯಾ ಕಂಪನಿಯ ಆಡಳಿತ ಮತ್ತು ಹಣಕಾಸಿನ ಬಗ್ಗೆ ಪ್ರಬಂಧ ಬರೆದರು. 1858ರಲ್ಲಿ ಕಂಪನಿಯಿಂದ ಬ್ರಿಟಿಷ್ ರಾಣಿಗೆ ಆಡಳಿತ ಕೈ ಬದಲಾಯಿತು. ಆಗ ಕಂಪನಿಯ ಸಾಲವನ್ನೂ ಅದರ ಷೇರುದಾರರಿಗೆ ಕೊಡಬೇಕಾದ ಲಾಭಾಂಶವನ್ನೂ ಭಾರತದ ಕಂದಾಯದ ಮೇಲೆಯೇ ಹೊರಿಸಿದರು. ತನ್ನನ್ನು ಆಳುವವರು ಬದಲಾದ ಖರ್ಚನ್ನೂ ರೈತನೇ ತೆತ್ತ! ಸಾಲ ಮಾಡಿದವರು ಒಬ್ಬರು, ತೀರಿಸಿದವರು ಇನ್ನೊಬ್ಬರು.

1917ರಲ್ಲಿ ಭಾರತಕ್ಕೆ ಮರಳುವಾಗ, ಅವರ ಪುಸ್ತಕಗಳಿದ್ದ ಸಾಮಾನು ಸಾಗಿಸುತ್ತಿದ್ದ ಹಡಗು ಯುದ್ಧದಲ್ಲಿ ಟಾರ್ಪಿಡೊಗೆ ಸಿಕ್ಕಿ ಮುಳುಗಿತು. ಬರೋಡಾದಲ್ಲಿ ಅಷ್ಟು ಓದಿದವರಿಗೂ ತಂಗಲು ಜಾಗ ಸಿಗಲಿಲ್ಲ. ಮುಂಬೈಗೆ ಹಿಂದಿರುಗಿ 1918ರಲ್ಲಿ ಸಿಡೆನ್‌ಹ್ಯಾಮ್ ಕಾಲೇಜಿನ ಪ್ರಾಧ್ಯಾಪಕರಾದರು. ಅದೇ ವರ್ಷ ಸಣ್ಣ ಹಿಡುವಳಿಗಳ ಬಗ್ಗೆ ಬರೆದರು. ಹೊಲ ಚಿಕ್ಕದು ಎಂಬುದಷ್ಟೇ ರೋಗವಲ್ಲ. ಬಂಡವಾಳ ಸಾಲದೆ, ಬೇರೆ ಕೆಲಸವಿಲ್ಲದೆ, ವಿಪರೀತ ಜನ ಭೂಮಿಗೇ ಜೋತುಬಿದ್ದಿರುವುದು ರೋಗ. ಕೈಗಾರಿಕೆ ಬೆಳೆಯಬೇಕು ಎಂದು ವಾದಿಸಿದರು.

1920ರಲ್ಲಿ ಮತ್ತೆ ಲಂಡನ್. ಈ ಸಲ ಸಂಬಳದಲ್ಲಿ ಉಳಿಸಿದ ಹಣ, ಶಾಹು ಮಹಾರಾಜರ ನೆರವು, ಗೆಳೆಯ ನವಲ್ ಭಥೇನಾ ಕೊಟ್ಟ ಸಾಲ. ಅರೆಹೊಟ್ಟೆಯಲ್ಲಿ ಗ್ರಂಥಾಲಯದಲ್ಲಿ ಕೂತರು. 1923ರಲ್ಲಿ ರೂಪಾಯಿಯ ಸಮಸ್ಯೆ ಕುರಿತ ಪುಸ್ತಕ ಹೊರಬಂತು. ಅದರಲ್ಲಿ ನಮಗೆ ಬೇಕಾದ ಒಂದು ಮಾತಿನ ತಿರುಳು ಇದು: ರೂಪಾಯಿ ಬೆಲೆ ಬಿದ್ದಾಗ ದೇಶಕ್ಕೆ ಲಾಭ ಎನ್ನುತ್ತಾರೆ. ಯಾರಿಗೆ? ಸಾಮಾನಿನ ಬೆಲೆ ಬೇಗ ಏರುತ್ತದೆ, ಕೂಲಿ ತಡವಾಗಿ ಏರುತ್ತದೆ. ನಡುವಿನ ಅಂತರ ವ್ಯಾಪಾರಿಯ ಲಾಭ, ಕೂಲಿಯವರ ನಷ್ಟ. ಇದನ್ನೇ ಅವರು ಹಿಲ್ಟನ್ ಯಂಗ್ ಆಯೋಗದ ಮುಂದೆಯೂ ಹೇಳಿದರು.

ಓದಿದ್ದನ್ನು ಅವರು ಕಪಾಟಿನಲ್ಲಿ ಇಡಲಿಲ್ಲ. ನಿಗದಿತ ಸಂಬಳವಿಲ್ಲದೆ ಹಗಲು ರಾತ್ರಿ ಊರ ಚಾಕರಿ ಮಾಡಿಸುವ ವತನದ ವಿರುದ್ಧ 1928ರಲ್ಲಿ ಮುಂಬೈ ಶಾಸನಸಭೆಯಲ್ಲಿ ಮಸೂದೆ ತಂದರು. 1936ರಲ್ಲಿ ಸ್ವತಂತ್ರ ಕಾರ್ಮಿಕ ಪಕ್ಷ ಕಟ್ಟಿದರು. 1942ರಿಂದ 1946ರವರೆಗೆ ವೈಸರಾಯ್ ಮಂಡಳಿಯಲ್ಲಿ ಕಾರ್ಮಿಕ ಖಾತೆ ನೋಡಿಕೊಂಡರು. 1946ರ ತಿದ್ದುಪಡಿಯಿಂದ ಕಾರ್ಖಾನೆಯ ವಾರದ ದುಡಿಮೆ 54 ಗಂಟೆಯಿಂದ 48ಕ್ಕೆ ಇಳಿಯಿತು. ಮುಂದೆ ಸಂವಿಧಾನದ 23ನೇ ವಿಧಿ ಬಿಟ್ಟಿ ಚಾಕರಿಯನ್ನು ನಿಷೇಧಿಸಿತು. ಸಾಲಕ್ಕಾಗಿ ಜೀತಕ್ಕಿದ್ದವರ ಬಿಡುಗಡೆಯ ಕಾಯ್ದೆ 1976ರಲ್ಲಿ ಬಂತು. ನಮ್ಮಲ್ಲಿ ಎಷ್ಟೋ ಮನೆಗಳ ಹಿರಿಯರು ಜೀತ ಕಂಡವರೇ.

1956ರ ಅಕ್ಟೋಬರ್ 14ರಂದು ಅವರು ನಾಗಪುರದಲ್ಲಿ ಬುದ್ಧನಿಗೆ ಶರಣಾದರು. ಡಿಸೆಂಬರ್ 6ರಂದು ಪರಿನಿಬ್ಬಾಣ. ಅವರು ಸೇರಿದ ಧಮ್ಮ ಹಣದ ಮಾತಿಗೆ ಮುಖ ತಿರುಗಿಸುವುದಿಲ್ಲ. ಅಂಗುತ್ತರ ನಿಕಾಯದಲ್ಲಿ ಭಗವಾನರು ಅನಾಥಪಿಂಡಿಕನಿಗೆ ಗೃಹಸ್ಥನ ನಾಲ್ಕು ಸುಖ ತಿಳಿಸುತ್ತಾರೆ: ನ್ಯಾಯವಾಗಿ ಗಳಿಸಿದ್ದು ಇರುವ ಸುಖ, ಅದನ್ನು ಅನುಭವಿಸಿ ಹಂಚುವ ಸುಖ, ಸಾಲವಿಲ್ಲದ ಸುಖ, ದೋಷವಿಲ್ಲದ ನಡತೆಯ ಸುಖ. ಸಾಲವಿಲ್ಲದಿರುವುದೂ ಒಂದು ಸುಖವೆಂದು ಬುದ್ಧರೇ ಎಣಿಸಿದ್ದಾರೆ.

ಈಗ ನಮ್ಮ ಶಿರಾ ಗೇಟ್‌ಗೆ ಬನ್ನಿ. ವಾರದ ಕಂತು, ಸಂಘದ ಸಾಲ, ಚೀಟಿ, ಅಡವು. ಕಂತಿನ ದಿನ ಹತ್ತಿರ ಬಂದಾಗ ಶಾಲೆ ಬಿಟ್ಟು ಅಮ್ಮನ ಜೊತೆ ಕೆಲಸಕ್ಕೆ ಹೋಗುವ ಮಗುವನ್ನು ನಾನು ಕಂಡಿದ್ದೇನೆ. ಬಲವಂತದ ವಸೂಲಿ ತಡೆಯಲು ನಮ್ಮ ರಾಜ್ಯ 2025ರ ಫೆಬ್ರವರಿಯಲ್ಲಿ ಸುಗ್ರೀವಾಜ್ಞೆ ತರಬೇಕಾಯಿತು. ಕಾನೂನು ಬೇಕು. ಅದರ ಜೊತೆಗೆ ಸಹಿ ಹಾಕುವ ಮೊದಲು ಓದುವ ಕಣ್ಣೂ ಬೇಕು. ವಾರಕ್ಕೆ ನೂರಕ್ಕೆ ಎರಡು ರೂಪಾಯಿ ಬಡ್ಡಿ ಎಂದರೆ ಚಿಕ್ಕದು ಅನಿಸುತ್ತದೆ. 52 ವಾರಕ್ಕೆ ಅದು 104 ರೂಪಾಯಿ. ಅಸಲು ಹಾಗೇ ಇರುತ್ತದೆ.

ಸಾಲ ಮಾಡಿದವರನ್ನು ನಾವು ಕೀಳಾಗಿ ಕಾಣಬೇಕಿಲ್ಲ. ಬಾಬಾಸಾಹೇಬರೂ ಸಾಲಗಾರರಾಗಿದ್ದರು. ಆ ಸಾಲ ಓದಾಯಿತು, ಓದು ಕಾನೂನಾಯಿತು, ಕಾನೂನು ಲಕ್ಷಾಂತರ ಜನರ ದುಡಿಮೆಯ ಹೊತ್ತನ್ನು ಇಳಿಸಿತು.

*ಇಂದಿನ ಸಂಕಲ್ಪ:* ಇವತ್ತು ಸಂಜೆ ವಂದನೆ ಮುಗಿದ ಮೇಲೆ ಮನೆಯ ಸಾಲದ ಕಾಗದ ಹೊರತೆಗೆಯಿರಿ. ಅಸಲೆಷ್ಟು, ಬಡ್ಡಿಯೆಷ್ಟು, ಕಂತು ಇನ್ನೆಷ್ಟು ಎಂದು ಮಕ್ಕಳಿಂದಲೇ ಗಟ್ಟಿಯಾಗಿ ಓದಿಸಿ, ಒಂದು ಹಾಳೆಯಲ್ಲಿ ಬರೆಸಿ. ಅರ್ಥವಾಗದ ಸಾಲು ಇದ್ದರೆ ಭಾನುವಾರ ಅಧ್ಯಯನಕ್ಕೆ ತನ್ನಿ. ಕೂತು ಓದೋಣ.

ಸರ್ವರಿಗೂ ಮಂಗಳವಾಗಲಿ. ಜೈ ಭೀಮ್.