ಮಾತು ಬಾರದವರ ವೈದ್ಯೆ

ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆಗಳ ಹೆರಿಗೆಮನೆಗಳಲ್ಲಿ ಶಿಶು ಜನಿಸಿತೆಂದರೆ, ಹೊರಗೆ ಕಾದಿರುವ ಅಜ್ಜಿ ಮೊದಲು ಕೇಳುವುದು ಮಗು ಅತ್ತಿತೇ ಎಂದು. ಒಳಗೆ ದಾದಿಯೂ ಅದನ್ನೇ ಗಮನಿಸುತ್ತಾಳೆ. ಆದರೆ ಅಳುವೊಂದನ್ನೇ ಅಲ್ಲ. ಶಿಶುವಿನ ಐದು ಲಕ್ಷಣಗಳನ್ನು ನೋಡಿ ಅಂಕ ಬರೆಯುವ ಪದ್ಧತಿಯನ್ನು ಲೋಕಕ್ಕೆ ಕೊಟ್ಟವರು ಅಮೆರಿಕದ ವೈದ್ಯೆ ವರ್ಜೀನಿಯಾ ಅಪ್ಗಾರ್.

ಇವರು 1909ರ ಜೂನ್ 7ರಂದು ನ್ಯೂಜೆರ್ಸಿಯ ವೆಸ್ಟ್‌ಫೀಲ್ಡ್ ಎಂಬ ಊರಿನಲ್ಲಿ ಜನಿಸಿದರು. ಅಣ್ಣಂದಿರಲ್ಲಿ ಒಬ್ಬನು ಎಳೆತನದಲ್ಲಿಯೇ ಕ್ಷಯರೋಗಕ್ಕೆ ತುತ್ತಾದನು. ಮತ್ತೊಬ್ಬನು ಸದಾ ರೋಗಿ. ಇಂತಹ ಮನೆಯಲ್ಲಿ ಬೆಳೆದ ಬಾಲಕಿ ವೈದ್ಯವೃತ್ತಿಗೆ ಮನಸೋತುದು ಸಹಜವೇ ಸರಿ. 1933ರಲ್ಲಿ ಕೊಲಂಬಿಯಾ ವಿಶ್ವವಿದ್ಯಾನಿಲಯದ ವೈದ್ಯಪದವಿ ಪಡೆದರು. ಶಸ್ತ್ರವೈದ್ಯೆಯಾಗಬೇಕೆಂಬುದು ಅವರ ಹಂಬಲ. ಆದರೆ ಅದು ಆರ್ಥಿಕ ಮುಗ್ಗಟ್ಟಿನ ಕಾಲ. ಆ ವೃತ್ತಿಯಲ್ಲಿ ಮಹಿಳೆಯರಿಗೆ ಬದುಕು ದುಸ್ತರವಾಗಿತ್ತು. ಗುರುಗಳ ಸಲಹೆಯಂತೆ ಅವರು ಅರಿವಳಿಕೆ ಶಾಸ್ತ್ರವನ್ನು ಆರಿಸಿಕೊಂಡರು. 1949ರಲ್ಲಿ ಆ ವೈದ್ಯವಿದ್ಯಾಲಯದ ಪ್ರಥಮ ಮಹಿಳಾ ಪ್ರಾಧ್ಯಾಪಕರಾದರು.

ಹೆರಿಗೆಕೋಣೆಯಲ್ಲಿ ಅವರು ಕಂಡ ಒಂದು ಸಂಗತಿ ಅವರ ಮನಸ್ಸನ್ನು ಕಲಕಿತು. ಎಲ್ಲರ ಗಮನವೂ ತಾಯಿಯ ಕಡೆಗೆ. ನೀಲಿಗಟ್ಟಿ ಉಸಿರಾಡದೆ ಮಲಗಿದ ಕೂಸನ್ನು ಎಷ್ಟೋ ವೇಳೆ ಸತ್ತು ಹುಟ್ಟಿತೆಂದೇ ಬಗೆದು ಬದಿಗಿಡುತ್ತಿದ್ದರು. ಉಪಚರಿಸಿದ್ದರೆ ಅವುಗಳಲ್ಲಿ ಕೆಲವಾದರೂ ಬದುಕುತ್ತಿದ್ದವು. ಕೂಸು ತನ್ನ ಸಂಕಟವನ್ನು ಹೇಳಲಾರದು, ನೋಡುವವರೇ ಅರಿಯಬೇಕು.

1952ರಲ್ಲಿ ವರ್ಜೀನಿಯಾ ಒಂದು ಸರಳ ಕ್ರಮವನ್ನು ಮಂಡಿಸಿದರು. ಎದೆಬಡಿತ, ಉಸಿರಾಟ, ಸ್ನಾಯುಗಳ ಬಿಗುವು, ಮುಟ್ಟಿದಾಗಿನ ಪ್ರತಿಕ್ರಿಯೆ, ಮೈಬಣ್ಣ—ಒಂದೊಂದಕ್ಕೂ 0, 1 ಅಥವಾ 2 ಅಂಕ, ಒಟ್ಟು 10. ಹುಟ್ಟಿದ 1 ನಿಮಿಷಕ್ಕೆ ಈ ಎಣಿಕೆ. 5 ನಿಮಿಷಕ್ಕೆ ಮತ್ತೊಮ್ಮೆ ಎಣಿಸುವ ರೂಢಿಯೂ ಮುಂದೆ ಬಂದಿತು. ಉಸಿರಿಲ್ಲದ ಶಿಶುವಿನ ಉಪಚಾರ ಅಂಕಕ್ಕಾಗಿ ಕಾಯುವಂತಿಲ್ಲ, ನಿಜ. ಆದರೆ ಅಂಕ ಬರೆಯಬೇಕಾದುದರಿಂದ ಪ್ರತಿಯೊಂದು ಶಿಶುವನ್ನೂ ಕಣ್ಣಿಟ್ಟು ನೋಡುವುದು ಅನಿವಾರ್ಯವಾಯಿತು.

ಅವರು 1974ರ ಆಗಸ್ಟ್ 7ರಂದು ನಿಧನರಾದರು. ಅವರ ತರುವಾಯ, 1997ರಲ್ಲಿ, ಮಾತು ಬಾರದ ಮಕ್ಕಳ ನೋವನ್ನು ಅಳೆಯಲು ಮಿಚಿಗನ್ ವಿಶ್ವವಿದ್ಯಾನಿಲಯದವರು ರೂಪಿಸಿದ ಮಾಪನವೂ ಇದೇ ಬಗೆಯದು: ಮುಖಭಾವ, ಕಾಲುಗಳ ಚಲನೆ, ಮೈಯ ಚಡಪಡಿಕೆ, ಅಳು, ಸಂತೈಸಿದರೆ ಶಾಂತವಾಗುವಿಕೆ—ಐದು ಲಕ್ಷಣ, 10 ಅಂಕ. ಬಿದ್ದು ಕೈಮುರಿದುಕೊಂಡ ಹಸುಳೆಯನ್ನು ತುರ್ತುಚಿಕಿತ್ಸೆಗೆ ತಂದಾಗ ಇಂತಹ ಮಾಪನವೇ ವೈದ್ಯರಿಗೆ ದಾರಿ ತೋರುತ್ತದೆ. ಇಲ್ಲಿ ಅಂಕ ಏರಿದಷ್ಟೂ ನೋವು ಹೆಚ್ಚು.

ದುರ್ಬಲರ ಸಂಕಟವನ್ನು ಅವರು ಹೇಳುವ ಮುನ್ನವೇ ಅರಿಯುವುದು ಕರುಣೆ. ಅದನ್ನು ತಪ್ಪದೆ ಅರಿಯುವ ಕ್ರಮವನ್ನು ಕಂಡುಹಿಡಿಯುವುದು ವಿಜ್ಞಾನ. ವರ್ಜೀನಿಯಾ ಅವರಲ್ಲಿ ಇವೆರಡೂ ಒಂದುಗೂಡಿದ್ದವು.